ಒಲೆ ಉರಿಯದ ಮನೆ ಮಳೆಗಾಲ ತಡೆಯಲ್ಲ

ಮೂಡಿಗೆರೆ ಹತ್ತಿರದ ನಮ್ಮ ಮನೆ ಮಾರಿ ವರ್ಷವಾಗುತ್ತಾ ಬಂತು. ಈವರೆಗೆ ಅದರ ಬಗ್ಗೆ ಏನೂ ಬರೆದಿರಲಿಲ್ಲ. ಮೊನ್ನೆ ಹಾಸನದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ನೆಂಟರೊಬ್ಬರು, "ಅಜ್ಜ ಕಟ್ಟಿಸಿದ ಮನೇನ ಮಾರಿಬಿಟ್ರಲ್ಲ, ಬೀಗ ಹಾಕಿ ಇಟ್ಕೋಬಹುದಿತ್ತು. ಹಬ್ಬಕ್ಕೊಂದ್ಸಲ ಹೋಗಿ ಬರ್ತಿದ್ರಿ ಅಲ್ವಾ" ಅಂದರು. ಎಲೆ ಮುಂದೆ ಮಾತು ಬೆಳೆಸುವುದು ಬೇಡ ಅಂತ ಸುಮ್ಮನಾದೆ. ಆದರೆ ಮನಸ್ಸು ಸುಮ್ಮನಾಗಿಲ್ಲ.

ಮಲೆನಾಡಿನ ಹಂಚಿನ ಮನೆಗೆ ಬೀಗ ಹಾಕಿದರೆ ಅದು ಉಳಿಯಲ್ಲ. ನಮ್ಮ ದೊಡ್ಡಪ್ಪನ ಮನೆಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಮಕ್ಕಳೆಲ್ಲ ಬೆಂಗಳೂರು ಸೇರಿದರು, ಮನೆಗೆ ಬೀಗ ಬಿತ್ತು. ಮೊದಲ ವರ್ಷ ಮಂಗ ಹಾರಿ ಒಂದು ಹಂಚು ಜಾರಿತು. ಅಷ್ಟೇ. ಆ ಸಂದಿನಿಂದ ಇಡೀ ಮಳೆಗಾಲ ನೀರು ತೊಟ್ಟಿಕ್ಕಿತು. ಹಂಚು ಕೂರುವ ಮರದ ಪಟ್ಟಿ, ರೀಪು, ಕೊಳೆಯಿತು, ಗೆದ್ದಲು ಗೋಡೆ ಹತ್ತಿತು. ನಾಲ್ಕನೇ ಮಳೆಗಾಲದಲ್ಲಿ ಅರ್ಧ ಮಾಡು, ಅಂದರೆ ಚಾವಣಿ, ನಡುಮನೆಗೆ ಕುಸಿದು ಕೂತಿತ್ತು. ಬಾಗಿಲಿಗೆ ಬೀಗ ಮಾತ್ರ ಹಾಗೇ ಇತ್ತು.

ಇಂಥ ಮನೆಯನ್ನು ಕಾಯುವುದು ಒಲೆಯ ಹೊಗೆ. ದಿನಾ ಸೌದೆ ಉರಿದರೆ ಹೊಗೆ ಅಟ್ಟಕ್ಕೆ ಏರುತ್ತದೆ, ಮಾಡು ಹೊತ್ತ ಮರದ ಪಕಾಸಿಗಳ ನಡುವೆ ಸುತ್ತಿ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತದೆ. ಮರ ಬೆಚ್ಚಗೆ, ಒಣಗಿರುತ್ತದೆ. ಹುಳ ಹತ್ತಿರ ಬರಲ್ಲ. ನಮ್ಮ ಅಡುಗೆಮನೆಯ ತೊಲೆಗಳು ಮಸಿ ಹಿಡಿದು ಕಾಡಿಗೆಯಂತೆ ಹೊಳೆಯುತ್ತಿದ್ದವು. ಮನೆಯಲ್ಲೇ ಗಟ್ಟಿಯಾದ ಮರ ಅಂದರೆ ಅವೇ. ಜುಲೈ ತಿಂಗಳಲ್ಲಿ ಒದ್ದೆ ಬಟ್ಟೆ, ಕಂಬಳಿ ಎಲ್ಲಾ ಒಣಗುತ್ತಿದ್ದದ್ದೂ ಆ ಒಲೆಯ ಮೇಲೇ. ಒಂದು ಮೂಲೆಯಲ್ಲಿ ಬಚ್ಚಲೊಲೆ. ಶಾಲೆಗೆ ಮಳೆ ರಜೆ ಕೊಟ್ಟ ದಿನ ನಾವು ಮೂರೂ ಜನ ಅದರ ಮುಂದೆಯೇ. ಕೆಂಡದಲ್ಲಿ ಹಲಸಿನ ಬೀಜ ಸುಟ್ಟುಕೊಂಡು, ಬಾಯಿ ಸುಟ್ಟುಕೊಂಡು.

ಮಾಡಿನದ್ದೆಲ್ಲ ಮಂಗಳೂರು ಹಂಚು. ಬಂಡಿಯಲ್ಲಿ ಚಾರ್ಮಾಡಿ ಘಾಟಿ ಹತ್ತಿ ಬಂದದ್ದು ಅಂತ ಅಜ್ಜಿ ಹೇಳುತ್ತಿದ್ದರು. ಪ್ರತಿ ವರ್ಷ ಮೇ ತಿಂಗಳಲ್ಲಿ ಹಂಚು ಕೈಯಾಡಿಸುವ ಕೆಲಸ. ಒಂದೊಂದೇ ಹಂಚು ಇಳಿಸಿ, ಪಾಚಿ ಉಜ್ಜಿ, ಒಡೆದದ್ದು ತೆಗೆದು ಮತ್ತೆ ಹೊದೆಸಬೇಕು. ಕೆಳಗೆ ನಿಂತು ಹಂಚು ಹಿಡಿದುಕೊಳ್ಳುವುದು ನನ್ನ ಕೆಲಸ. ಕೆಲವು ಹಂಚಿನ ಬೆನ್ನ ಮೇಲೆ ಬಾಸೆಲ್ ಮಿಷನ್ ಅಂತ ಇಂಗ್ಲಿಷಿನಲ್ಲಿ ಅಚ್ಚು, ಜೊತೆಗೆ 1865. ನಮ್ಮ ಮನೆ ಅಷ್ಟು ಹಳೆಯದು ಅಂತ ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಅಪ್ಪ ಕೂರಿಸಿಕೊಂಡು ತಿಳಿಸಿದರು. ಅದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರ ಹಂಚಿನ ಕಾರ್ಖಾನೆ ಶುರುವಾದ ವರ್ಷ. ನಮ್ಮ ಮನೆ ಎಷ್ಟೋ ಆಮೇಲಿನದು. ಆದರೂ ಆ ಅಂಕಿಯ ಮೇಲೆ ಬೆರಳಾಡಿಸುವುದನ್ನು ನಾನು ಬಿಡಲಿಲ್ಲ.

ಅಪ್ಪನ ಮಳೆ ಪುಸ್ತಕದ ಬಗ್ಗೆ ಹೇಳಲೇಬೇಕು. ಕಣದ ಪಕ್ಕ ಒಂದು ಮಳೆ ಮಾಪಕ ಇತ್ತು. ಬೆಳಿಗ್ಗೆ ಕಾಫಿಗೂ ಮೊದಲು ಅಪ್ಪ ಕೊಡೆ ಹಿಡಿದು ಹೋಗಿ ಅಳತೆ ನೋಡಿ ಬಂದು ಬರೆಯುತ್ತಿದ್ದರು. ನಮ್ಮ ಕಡೆ ಮಳೆಯನ್ನು ಇಂಚು, ಸೆಂಟಿನಲ್ಲೇ ಹೇಳುವುದು. ನೂರು ಸೆಂಟಿಗೆ ಒಂದು ಇಂಚು. ಮಾರ್ಚ್, ಏಪ್ರಿಲ್ ಬಂತೆಂದರೆ ಅಪ್ಪನಿಗೆ ನಿದ್ದೆ ಇಲ್ಲ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಒಂದು ಇಂಚಾದರೂ ಬರಬೇಕು. ನಲವತ್ತು ಸೆಂಟು ಬಂದು ನಿಂತರೆ ಮೊಗ್ಗು ಕೆಟ್ಟಂತೆಯೇ. ಸರಿಯಾಗಿ ಬಂದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಕಿಟಕಿ ತೆಗೆದರೆ ಸಾಕು, ಹಾಸಿಗೆ ದಿಂಬಿಗೂ ಕಾಫಿ ಹೂವಿನ ವಾಸನೆ. ಅದಾಗಿ ಹದಿನೈದು ಇಪ್ಪತ್ತು ದಿನಕ್ಕೆ ಹೂವು ಕಾಯಿ ಕಟ್ಟಲು ಬೇಕಾದ ಇನ್ನೊಂದು ಮಳೆ, ಬ್ಯಾಕಿಂಗ್ ಅನ್ನುವುದು, ಬಂದ ಮೇಲೇ ಅಪ್ಪನ ಮುಖದಲ್ಲಿ ನಗು. ಪುಸ್ತಕದಲ್ಲಿ ಅಳತೆಯ ಪಕ್ಕ ಬೇರೆ ಮಾತೂ ಇರುತ್ತಿದ್ದವು. "ಗೌರಿ ಕರು ಹಾಕಿತು." "ಕರೆಂಟು ಹೋಗಿ ಆರು ದಿನ." ನಾನು ಹುಟ್ಟಿದ ದಿನ: "3 ಇಂಚು 20 ಸೆಂಟು. ಹೆಣ್ಣು ಮಗು. ಇಬ್ಬರೂ ಕ್ಷೇಮ."

ಅಪ್ಪ ಹೋದ ಮೇಲೆ ಅಮ್ಮ ಬರೆಯತೊಡಗಿದರು. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದವಲ್ಲ, ಆ ವಾರದ ಪುಟದಲ್ಲಿ ಅಳತೆ ಬಿಟ್ಟು ಒಂದು ಅಕ್ಷರವೂ ಇಲ್ಲ. ಆಮೇಲೆ ಆನೆಗಳ ಓಡಾಟ ಜಾಸ್ತಿಯಾಯಿತು. ಸಂಜೆ ಆರಕ್ಕೆಲ್ಲ ಬಾಗಿಲು ಹಾಕಿ ಒಬ್ಬರೇ ಕೂರಬೇಕು. ಒಂದು ದಿನ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಸೊಂಟ ಮುರಿಯಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಕೆಲಸದವರು ಬರುವವರೆಗೆ ಅಮ್ಮ ಮಳೆಯಲ್ಲೇ ಬಿದ್ದಿದ್ದರು. ಅಲ್ಲಿಗೆ ತೀರ್ಮಾನವಾಯಿತು. ಈಗ ಅಮ್ಮ ಹಾಸನದಲ್ಲಿ ನನ್ನ ಜೊತೆ ಇದ್ದಾರೆ.

ತೋಟ ಹಿಂದೆಯೇ ಪಾಲಾಗಿತ್ತು. ಉಳಿದದ್ದು ಮನೆ, ಸುತ್ತಲಿನ ಎರಡು ಎಕರೆ. ಹೋಂಸ್ಟೇ ಮಾಡುತ್ತೇವೆ ಅಂತ ಒಬ್ಬರು ಬಂದರು. ಒಳ್ಳೆ ರೇಟು ಹೇಳಿದರು. ಅಡುಗೆಮನೆ, ಬಚ್ಚಲು ಒಡೆದು ನಾಲ್ಕು ರೂಮು ಮಾಡುವ ನಕ್ಷೆಯೂ ಅವರ ಕೈಯಲ್ಲಿತ್ತು. ಇನ್ನೊಬ್ಬರು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು, ಗಂಡ ಹೆಂಡತಿ, ಇಬ್ಬರು ಮಕ್ಕಳು. ಎಸ್ಟೇಟಿನವರು ಕೆಲಸದವರಿಗೆ ಕೊಡುವ ಲೈನ್ ಮನೆಯಲ್ಲೇ ಇಪ್ಪತ್ತು ವರ್ಷ ಇದ್ದು ದುಡ್ಡು ಕೂಡಿಟ್ಟವರು. ಅವರ ಹೆಂಡತಿ ಬೇರೇನೂ ನೋಡಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ, "ಒಲೆ ಚೆನ್ನಾಗಿ ಎಳೆಯುತ್ತಾ ಅಮ್ಮಾ?" ಅಂತ ಕೇಳಿದರು. ಅಮ್ಮ ನನ್ನ ಮುಖ ನೋಡಿದರು. ತಮ್ಮಂದಿರ ಜೊತೆ ಒಂದು ವಾರ ವಾದ ನಡೆಯಿತು. ಕಡಿಮೆ ದುಡ್ಡಿಗೆ ಅವರಿಗೇ ಕೊಟ್ಟೆವು. ಆಗ ಸರಿ ಅನ್ನಿಸಿತ್ತು, ಈಗಲೂ ಸರಿ ಅನ್ನಿಸುತ್ತದೆ.

ಕೊನೆಯ ದಿನ ಆ ಹೆಂಗಸು ಬೆಳಿಗ್ಗೆಯೇ ಬಂದರು. ಇಬ್ಬರೂ ಸೇರಿ ಕಡುಬು ಬೇಯಿಸಿದರು. ಊಟ ಆಯಿತು, ಪಾತ್ರೆ ತೊಳೆದದ್ದಾಯಿತು. ಅಮ್ಮ ಒಲೆಗೆ ನೀರು ಹಾಕಲಿಲ್ಲ. ಕೆಂಡದ ಮೇಲೆ ಬೂದಿ ಮುಚ್ಚಿ, "ಸಂಜೆಗೆ ಕೆದಕಿದ್ರೆ ಹತ್ತಿಕೊಳ್ಳುತ್ತೆ" ಅಂದರು. ಮಳೆ ಮಾಪಕ ಅಲ್ಲೇ ಬಿಟ್ಟೆವು. ಪುಸ್ತಕಗಳು ನಮ್ಮ ಜೊತೆ ಬಂದವು. ಕಾರು ಗೇಟು ದಾಟುವಾಗ ಅಮ್ಮ ತಿರುಗಿ ನೋಡಲಿಲ್ಲ. ನಾನು ನೋಡಿದೆ. ಹಂಚಿನ ಸಂದಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು.

ಮಳೆಗಾಲದಲ್ಲಿ ಅವರು ಆಗಾಗ ಫೋನ್ ಮಾಡಿ ಅಳತೆ ಹೇಳುತ್ತಿದ್ದರು, ಅಮ್ಮ ಬರೆದುಕೊಳ್ಳುತ್ತಿದ್ದರು. ಮೊನ್ನೆ ಮತ್ತೆ ಫೋನ್ ಬಂತು. ಈ ಸಲ ಮಳೆ ವಿಷಯವಲ್ಲ. ಮುಂದಿನ ತಿಂಗಳು ಹಂಚು ಕೈಯಾಡಿಸಬೇಕು, ಎಲ್ಲಿಂದ ಶುರು ಮಾಡೋಣ ಅಂತ. ಅಮ್ಮ ಎದ್ದು ಕೂತು ಫೋನ್ ಕಿತ್ತುಕೊಂಡರು. "ಪಡುವಣ ಮೂಲೆಯಿಂದ. ಅಲ್ಲಿ ಇರಚಲು ಜಾಸ್ತಿ. ಹಳೇ ಹಂಚು ದನದ ಕೊಟ್ಟಿಗೆ ಹಿಂದೆ ಇಟ್ಟಿದ್ದೀನಿ ನೋಡಿ, ಅದನ್ನೇ ಹಾಕಿ."