ಬಿದ್ದ ಗರ ಆಡಲೇಬೇಕು

ಬ್ಯಾಕ್‌ಗ್ಯಾಮನ್ ಕಲಿಸುವವರು ಸಾಮಾನ್ಯವಾಗಿ ಕಾಯಿ ಎಲ್ಲೆಲ್ಲಿಗೆ ಹೋಗಬಹುದು ಅಂತ ಹೇಳಿಕೊಡುತ್ತಾರೆ. ಎಲ್ಲಿಗೆ ಹೋಗಲೇಬೇಕು ಅನ್ನೋದನ್ನು ಮಾತ್ರ ಕೊನೆಗೆ ತಳ್ಳುತ್ತಾರೆ, ಇಲ್ಲವೇ ಬಿಟ್ಟೇ ಬಿಡುತ್ತಾರೆ. ಹೊಸಬರಿಗೆ ಈ ಆಟ "ಸುಮ್ನೆ ದಾಳ ಉರುಳಿಸೋ ಆಟ" ಅನಿಸುವುದಕ್ಕೆ ಇದೇ ದೊಡ್ಡ ಕಾರಣ ಅಂತ ನನ್ನ ಗಟ್ಟಿ ನಂಬಿಕೆ. ಬ್ಯಾಕ್‌ಗ್ಯಾಮನ್ನಿನ ಜೀವ ಇರುವುದೇ ಕಡ್ಡಾಯದಲ್ಲಿ. ಬಿದ್ದ ಗರ ಬೇಡ ಅನ್ನುವ ಹಾಗಿಲ್ಲ. ಅದನ್ನು ಮೊದಲ ದಿನವೇ ಹೇಳಿಕೊಡಬೇಕು.

ಮೊದಲು ಬೋರ್ಡ್ ನೋಡೋಣ. ಉದ್ದನೆಯ ತ್ರಿಕೋನಗಳು 24 ಇರುತ್ತವೆ, ಒಂದೊಂದೂ ಒಂದು ಮನೆ. ಈ ಕಡೆ 12, ಆ ಕಡೆ 12. ನಡುವೆ ಒಂದು ಪಟ್ಟಿ, ಅದಕ್ಕೆ ಬಾರ್ ಅನ್ನುತ್ತಾರೆ. ಒಬ್ಬೊಬ್ಬರಿಗೂ 15 ಕಾಯಿ. ನಿಮ್ಮ ಕಾಯಿಗಳು ಎದುರಾಳಿಯ ಮೂಲೆಯ ಕಡೆಯಿಂದ ಸುತ್ತು ಹಾಕಿಕೊಂಡು ನಿಮ್ಮ ಕೊನೆಯ ಆರು ಮನೆಗಳಿಗೆ ಬರಬೇಕು. ಆ ಆರು ಮನೆಗಳೇ ನಿಮ್ಮ ಹೋಮ್ ಬೋರ್ಡ್. ಎದುರಾಳಿಯ ಕಾಯಿಗಳು ಅದೇ ದಾರಿಯಲ್ಲಿ ಉಲ್ಟಾ ನಡೆಯುತ್ತವೆ. ಹಾಗಾಗಿ ದಾರಿಯಲ್ಲಿ ಇಬ್ಬರೂ ಮುಖಾಮುಖಿ ಆಗಲೇಬೇಕು.

ಮನೆಗಳನ್ನು ನಿಮ್ಮ ಕೊನೆಯಿಂದ ಎಣಿಸಿ. ಆಟ ಶುರುವಾಗುವಾಗ 24ನೇ ಮನೆಯಲ್ಲಿ 2 ಕಾಯಿ, 13ರಲ್ಲಿ 5, 8ರಲ್ಲಿ 3, 6ರಲ್ಲಿ 5. ಎದುರಾಳಿಗೂ ಅವರ ಕಡೆಯಿಂದ ಎಣಿಸಿದರೆ ಇದೇ ಲೆಕ್ಕ. ಎಲ್ಲ ಕಾಯಿಗಳೂ ಬೋರ್ಡ್ ದಾಟಿ ಹೊರಬೀಳಲು ಒಟ್ಟು 167 ಹೆಜ್ಜೆ ಬೇಕು. ಒಂದು ಸಲ ಎರಡು ದಾಳ ಎಸೆದರೆ ಸರಾಸರಿ ಎಂಟು ಹೆಜ್ಜೆಗಿಂತ ಚೂರು ಜಾಸ್ತಿ ಸಿಗುತ್ತದೆ. ಯಾರೂ ಯಾರನ್ನೂ ಮುಟ್ಟದೆ ಓಡಿದರೆ ಇಪ್ಪತ್ತು ಗರದ ಆಸುಪಾಸಿನಲ್ಲಿ ಆಟ ಮುಗಿಯಬೇಕು. ಆದರೆ ಮುಟ್ಟದೆ ಓಡುವುದು ಆಗುವುದಿಲ್ಲ.

ಮೊದಲ ಗರಕ್ಕೆ ಇಬ್ಬರೂ ಒಂದೊಂದು ದಾಳ ಎಸೆಯುತ್ತಾರೆ. ಯಾರ ಅಂಕೆ ದೊಡ್ಡದೋ ಅವರ ಆಟ ಮೊದಲು, ಆ ಎರಡೂ ಅಂಕೆಗಳನ್ನು ಅವರೇ ಆಡುತ್ತಾರೆ. ಸಮ ಬಿದ್ದರೆ ಮತ್ತೆ ಎಸೆಯಬೇಕು. ಆಮೇಲೆ ಪ್ರತಿ ಸರದಿಗೂ ಎರಡು ದಾಳ. 5 ಮತ್ತು 3 ಬಿದ್ದರೆ ಅದನ್ನು ಎಂಟು ಅಂತ ಓದಬೇಡಿ. ಅದು ಒಂದು ಐದು, ಒಂದು ಮೂರು. ಒಂದೇ ಕಾಯಿಯನ್ನು ಎಂಟು ಹೆಜ್ಜೆ ನಡೆಸಬಹುದು, ಆದರೆ ನಡುವೆ ಐದರಲ್ಲೋ ಮೂರರಲ್ಲೋ ಕಾಲಿಡಲು ಜಾಗ ಇರಬೇಕು. ಎರಡೂ ದಾಳದಲ್ಲಿ ಒಂದೇ ಅಂಕೆ ಬಿದ್ದರೆ ಆ ಅಂಕೆಯನ್ನು ನಾಲ್ಕು ಸಲ ಆಡಬೇಕು.

ಒಂದು ಮನೆಯಲ್ಲಿ ಎದುರಾಳಿಯ ಎರಡು ಅಥವಾ ಹೆಚ್ಚು ಕಾಯಿ ಇದ್ದರೆ ಅದು ಮುಚ್ಚಿದ ಮನೆ, ನೀವು ಅಲ್ಲಿ ಇಳಿಯುವ ಹಾಗಿಲ್ಲ. ಒಂದೇ ಕಾಯಿ ಇದ್ದರೆ ಹೊಡೆಯಬಹುದು. ಹೊಡೆಸಿಕೊಂಡ ಕಾಯಿ ಬಾರ್ ಮೇಲೆ ಹೋಗಿ ಕೂರುತ್ತದೆ.

ಇಲ್ಲಿಂದ ಕಡ್ಡಾಯ ಶುರು. ಬಾರ್ ಮೇಲೆ ನಿಮ್ಮ ಕಾಯಿ ಇರುವವರೆಗೂ ಬೇರೆ ಯಾವ ಕಾಯಿಯನ್ನೂ ನೀವು ಮುಟ್ಟುವ ಹಾಗಿಲ್ಲ. ಅದು ಎದುರಾಳಿಯ ಹೋಮ್ ಬೋರ್ಡಿನಲ್ಲೇ ಒಳಗೆ ಬರಬೇಕು, ಅದೂ ದಾಳದಲ್ಲಿ ಬಿದ್ದ ಅಂಕೆಯ ಮನೆ ತೆರೆದಿದ್ದರೆ ಮಾತ್ರ. ಎರಡು ಕಾಯಿ ಬಾರ್ ಮೇಲಿದ್ದು ಒಂದು ಮಾತ್ರ ಒಳಗೆ ಬಂದರೆ ನಿಮ್ಮ ಸರದಿ ಅಲ್ಲಿಗೇ ನಿಂತಿತು. ಎದುರಾಳಿ ಆ ಆರರಲ್ಲಿ ಮೂರು ಮನೆ ಮುಚ್ಚಿದ್ದರೆ, ಬಾರ್ ಮೇಲಿನ ಒಂದು ಕಾಯಿ ಒಳಗೆ ಬರಲಾಗದೆ ಉಳಿಯುವ ಸಾಧ್ಯತೆ 36ರಲ್ಲಿ 9. ಐದು ಮುಚ್ಚಿದ್ದರೆ 36ರಲ್ಲಿ 25. ಆರೂ ಮುಚ್ಚಿದ್ದರೆ ದಾಳ ಎಸೆಯುವ ಕೆಲಸವೇ ಇಲ್ಲ, ಅವರೇ ಬಾಗಿಲು ತೆರೆಯುವವರೆಗೆ ಕಾಯಬೇಕು. ಹೋಮ್ ಬೋರ್ಡಿನಲ್ಲಿ ಜೋಡಿ ಕಟ್ಟಬೇಕು ಅಂತ ಎಲ್ಲರೂ ಹೇಳುವುದು ಇದಕ್ಕೇ. ಬಾರ್ ನಿಯಮವನ್ನು ಸರಿಯಾಗಿ ಹೇಳಿಕೊಡದೆ ಜೋಡಿ ಕಟ್ಟು ಅಂದರೆ ಕಲಿಯುವವರಿಗೆ ಯಾಕೆ ಅಂತ ಗೊತ್ತಾಗುವುದು ಹೇಗೆ?

ಎರಡನೇ ಕಡ್ಡಾಯ ಇನ್ನೂ ಮುಖ್ಯ. ಎರಡೂ ಅಂಕೆ ಆಡಲು ಸಾಧ್ಯವಿದ್ದರೆ ಎರಡನ್ನೂ ಆಡಲೇಬೇಕು. ಒಂದು ರೀತಿಯಲ್ಲಿ ಆಡಿದರೆ ಒಂದೇ ಅಂಕೆ ಖರ್ಚಾಗುತ್ತದೆ, ಇನ್ನೊಂದು ರೀತಿಯಲ್ಲಿ ಎರಡೂ ಖರ್ಚಾಗುತ್ತವೆ ಅಂದರೆ ಎರಡನೇ ರೀತಿಯೇ ಆಡಬೇಕು, ಅದು ನಿಮಗೆ ಎಷ್ಟೇ ಕೆಟ್ಟದಾಗಿರಲಿ. ಎರಡರಲ್ಲಿ ಯಾವುದಾದರೂ ಒಂದನ್ನು ಮಾತ್ರ ಆಡಲು ಸಾಧ್ಯ ಅನ್ನುವಾಗ ದೊಡ್ಡ ಅಂಕೆ ಆಡಬೇಕು. ಉದಾಹರಣೆಗೆ 6 ಮತ್ತು 3 ಬಿದ್ದಿದೆ, ನಿಮ್ಮ ಒಂದೇ ಕಾಯಿಗೆ ಚಲನೆ ಇದೆ, ಆರು ನಡೆದರೂ ಜಾಗ ಇದೆ, ಮೂರು ನಡೆದರೂ ಜಾಗ ಇದೆ, ಆದರೆ ಒಂಬತ್ತನೇ ಹೆಜ್ಜೆ ಮುಚ್ಚಿದೆ. ಆಗ ಆರನ್ನೇ ಆಡಬೇಕು. ಮೂರು ಆಡಿ ಸುರಕ್ಷಿತವಾಗಿ ಕೂರುತ್ತೇನೆ ಅನ್ನುವ ಹಾಗಿಲ್ಲ.

ಮನೆಯಲ್ಲಿ, ಗೆಳೆಯರ ನಡುವೆ ಆಡುವಾಗ ಇದನ್ನೇ ಮೊದಲು ಸಡಿಲ ಮಾಡುತ್ತಾರೆ. "ಹೊಸಬರಲ್ವಾ, ಹೋಗ್ಲಿ ಬಿಡಿ, ಈ ಗರ ಆಡದಿದ್ರೂ ಪರವಾಗಿಲ್ಲ" ಅನ್ನುತ್ತಾರೆ. ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ, ನಿಜ. ಆದರೆ ಬೇಡದ ಗರವನ್ನು ಬಿಡಬಹುದು ಅಂತಾದರೆ ಈ ಆಟದಲ್ಲಿ ಮುಂದಾಲೋಚನೆಗೆ ಕೆಲಸವೇ ಇರುವುದಿಲ್ಲ. ಒಳ್ಳೆಯ ಜಾಗ ಸಿಕ್ಕಿತು ಅಂತ ಕೂತುಬಿಡಬಹುದು. ನಿಜವಾದ ಆಟದಲ್ಲಿ ಕೂರಲು ಬಿಡುವುದಿಲ್ಲ. ಬೇರೆ ಕಡೆ ನಡೆಸಲು ಕಾಯಿ ಉಳಿದಿಲ್ಲ ಅಂದರೆ ಕಷ್ಟಪಟ್ಟು ಕಟ್ಟಿದ ಗೋಡೆಯನ್ನು ನಿಮ್ಮ ಕೈಯಿಂದಲೇ ಒಡೆಯಬೇಕು. ಹಾಗಾಗಿ ಚೆನ್ನಾಗಿ ಆಡುವವರು ಮುಂದಿನ ಎರಡು ಮೂರು ಗರಗಳಿಗೆ ನನ್ನ ಹತ್ತಿರ ಬಿಡಿ ಹೆಜ್ಜೆ ಇದೆಯಾ ಅಂತ ಮೊದಲೇ ನೋಡಿಕೊಂಡಿರುತ್ತಾರೆ.

ಈ ಕಡ್ಡಾಯಕ್ಕೆ ಸಿಕ್ಕಿ ಒಬ್ಬ ಚಕ್ರವರ್ತಿಯೇ ಒದ್ದಾಡಿದ ಕಥೆ ದಾಖಲಾಗಿದೆ. ಪೂರ್ವ ರೋಮನ್ ಸಾಮ್ರಾಜ್ಯವನ್ನು 474ರಿಂದ 491ರವರೆಗೆ ಆಳಿದ ಜೀನೋ, ಟಾಬುಲಾ ಅನ್ನುವ ಆಟ ಆಡುತ್ತಿದ್ದ. ಬ್ಯಾಕ್‌ಗ್ಯಾಮನ್ನಿನ ಹತ್ತಿರದ ನೆಂಟ ಅದು. ಅದರಲ್ಲೂ 24 ಮನೆ, 15 ಕಾಯಿ, ಆದರೆ ದಾಳ ಮೂರು. ಜೀನೋಗೆ 2, 5, 6 ಬಿತ್ತು. ಬೇರೆ ದಾರಿಗಳೆಲ್ಲ ಮುಚ್ಚಿದ್ದವು. ಆ ಗರ ಆಡಲು ತನ್ನ ಜೋಡಿಗಳನ್ನೇ ಒಡೆಯಬೇಕಾಯಿತು, ಎಂಟು ಕಾಯಿಗಳು ಒಂಟಿಯಾಗಿ ನಿಂತವು. ಮುಂದಿನ ಶತಮಾನದ ಕವಿ ಅಗಾಥಿಯಾಸ್ ಈ ಪಟ್ಟನ್ನು ಮನೆ ಮನೆ ಸಮೇತ ಪದ್ಯದಲ್ಲಿ ಬರೆದಿಟ್ಟ. ಅಷ್ಟು ವರ್ಷದ ಹಿಂದಿನ ಆ ಬೋರ್ಡನ್ನು ಇವತ್ತೂ ಜೋಡಿಸಿ ನೋಡಬಹುದು. ಚಕ್ರವರ್ತಿಗೂ "ಹೋಗ್ಲಿ ಬಿಡಿ" ಅನ್ನುವ ವಿನಾಯಿತಿ ಸಿಕ್ಕಿರಲಿಲ್ಲ.

ಈಗ ಕೊನೆಯ ಹಂತ. ನಿಮ್ಮ 15 ಕಾಯಿಯೂ ಹೋಮ್ ಬೋರ್ಡಿಗೆ ಬಂದ ಮೇಲೆ ಒಂದೊಂದಾಗಿ ಹಣ್ಣು ಮಾಡಿ ಹೊರಗೆ ತೆಗೆಯಬೇಕು. ಮೊದಲು ಎಲ್ಲ ತೆಗೆದವರು ಗೆದ್ದರು. 4 ಬಿದ್ದರೆ ನಾಲ್ಕನೇ ಮನೆಯಿಂದ ಒಂದು ಕಾಯಿ ತೆಗೆಯಬಹುದು, ಇಲ್ಲವೇ ಒಳಗೇ ನಾಲ್ಕು ಹೆಜ್ಜೆ ನಡೆಸಬಹುದು. ನಾಲ್ಕನೇ ಮನೆ ಖಾಲಿ ಇದ್ದು ಐದರಲ್ಲೋ ಆರರಲ್ಲೋ ಕಾಯಿ ಇದ್ದರೆ ಅಲ್ಲಿಂದ ನಡೆಸಬೇಕು. ನಾಲ್ಕು ಮತ್ತು ಅದಕ್ಕಿಂತ ಮೇಲಿನ ಮನೆಗಳೆಲ್ಲ ಖಾಲಿ ಅಂದರೆ, ಉಳಿದದ್ದರಲ್ಲಿ ಅತಿ ಮೇಲಿನ ಮನೆಯ ಕಾಯಿಯನ್ನು ತೆಗೆಯಬೇಕು. ಈ ಕೊನೆಯ ಮಾತನ್ನೇ ತುಂಬಾ ಜನ ತಪ್ಪು ಕಲಿತಿರುತ್ತಾರೆ. ಸರಿಯಾದ ಅಂಕೆಯೇ ಬೀಳಬೇಕು ಅಂತ ಕಾಯುತ್ತಾ ಕೂರುತ್ತಾರೆ. ಬೇಕಾಗಿಲ್ಲ.

ಈ ಹಂತದಲ್ಲೂ ಕಡ್ಡಾಯ ಬಿಡುವುದಿಲ್ಲ. ಒಂದು ಪಟ್ಟು ನೋಡಿ. ನಿಮ್ಮ ಆರನೇ ಮನೆಯಲ್ಲಿ 3 ಕಾಯಿ, ಐದರಲ್ಲಿ 2, ನಾಲ್ಕರಲ್ಲಿ 2, ಮೂರರಲ್ಲಿ 3, ಎರಡರಲ್ಲಿ 3, ಒಂದರಲ್ಲಿ 2. ಆರೂ ಮನೆ ಮುಚ್ಚಿವೆ. ಎದುರಾಳಿಯ ಒಂದು ಕಾಯಿ ಬಾರ್ ಮೇಲೆ ಸಿಕ್ಕಿಕೊಂಡಿದೆ. ಆಟ ನಿಮ್ಮದೇ ಅನಿಸುತ್ತದೆ ಅಲ್ವಾ? ಈಗ ನಿಮಗೆ 6 ಮತ್ತು 5 ಬಿತ್ತು. ಆರಕ್ಕೆ ಆರನೇ ಮನೆಯಿಂದ ಒಂದು ಕಾಯಿ ತೆಗೆಯಲೇಬೇಕು, ಬೇರೆ ಆಯ್ಕೆ ಇಲ್ಲ. ಐದಕ್ಕೆ ಎರಡು ದಾರಿ. ಐದನೇ ಮನೆಯಿಂದ ತೆಗೆದರೆ ಅಲ್ಲಿ ಒಂಟಿ ಕಾಯಿ ಉಳಿಯುತ್ತದೆ. ಆರರಿಂದ ಒಂದಕ್ಕೆ ನಡೆಸಿದರೆ ಆರನೇ ಮನೆಯಲ್ಲಿ ಒಂಟಿ ಉಳಿಯುತ್ತದೆ. ಹೇಗೆ ಆಡಿದರೂ ಎದುರಾಳಿಗೆ 36ರಲ್ಲಿ 11 ಗರ ನಿಮ್ಮನ್ನು ಹೊಡೆಯುತ್ತವೆ. ಹೊಡೆದರೆ ಆ ಕಾಯಿ ಮತ್ತೆ ಅವರ ಹೋಮ್ ಬೋರ್ಡಿನಿಂದ ಶುರುಮಾಡಿ ಇಡೀ ಸುತ್ತು ಬರಬೇಕು. ಅಲ್ಲಿಯವರೆಗೆ ಉಳಿದ ಒಂದು ಕಾಯಿಯನ್ನೂ ಹೊರಗೆ ತೆಗೆಯುವ ಹಾಗಿಲ್ಲ.

ಆರನೇ ಮನೆಯಲ್ಲಿ ಮೂರರ ಬದಲು ಎರಡೇ ಕಾಯಿ ಇದ್ದಿದ್ದರೆ? ಒಂದನ್ನು ತೆಗೆದು, ಇನ್ನೊಂದನ್ನು ಐದು ಹೆಜ್ಜೆ ನಡೆಸಿ ಒಂದನೇ ಮನೆಗೆ ಸೇರಿಸಿದ್ದರೆ ಒಂದೂ ಒಂಟಿ ಕಾಯಿ ಉಳಿಯುತ್ತಿರಲಿಲ್ಲ. ಒಂದೇ ಒಂದು ಕಾಯಿಯ ವ್ಯತ್ಯಾಸ. ಮೇಲಿನ ಮನೆಗಳಲ್ಲಿ ಸಮಸಂಖ್ಯೆ ಇಟ್ಟುಕೊಳ್ಳಿ ಅಂತ ಅನುಭವಸ್ಥರು ಹೇಳುವುದು ಸುಮ್ಮನೆ ಅಲ್ಲ.

"ಎಲ್ಲ ದಾಳದ ಕೈಯಲ್ಲಿದೆ" ಅನ್ನುವವರಿಗೆ ಇನ್ನೊಂದು ಲೆಕ್ಕ ತೋರಿಸುತ್ತೇನೆ. ನಿಮ್ಮ ಒಂಟಿ ಕಾಯಿ ಎದುರಾಳಿಯ ಕಾಯಿಗೆ ಆರು ಹೆಜ್ಜೆ ದೂರದಲ್ಲಿ ಇದೆ, ನಡುವೆ ಅಡ್ಡಿ ಏನೂ ಇಲ್ಲ ಅಂದುಕೊಳ್ಳಿ. ಯಾವುದಾದರೂ ದಾಳದಲ್ಲಿ ಆರು ಬೀಳುವ ಗರ 11. ಅದಕ್ಕೆ 5-1 ಎರಡು ಬಗೆ, 4-2 ಎರಡು ಬಗೆ, 3-3 ಮತ್ತು 2-2 ಒಂದೊಂದು ಸೇರಿಸಿ. ಒಟ್ಟು 17. ಅಂದರೆ ಹೆಚ್ಚೂ ಕಡಿಮೆ ಅರ್ಧಕ್ಕರ್ಧ ಅಪಾಯ. ಅದೇ ಕಾಯಿಯನ್ನು ಒಂದು ಹೆಜ್ಜೆ ಆಚೆ, ಏಳು ದೂರಕ್ಕೆ ಇಡಿ. ಈಗ 6-1, 5-2, 4-3 ಮಾತ್ರ ಹೊಡೆಯುತ್ತವೆ, ಒಟ್ಟು 6 ಗರ. 17 ಎಲ್ಲಿ, 6 ಎಲ್ಲಿ! ದಾಳ ಏನು ಬೀಳುತ್ತದೆ ಅನ್ನೋದು ನಿಮ್ಮ ಕೈಯಲ್ಲಿಲ್ಲ, ನಿಜ. ಕಾಯಿ ಎಲ್ಲಿ ನಿಲ್ಲಿಸಬೇಕು ಅನ್ನೋದು ಪೂರ್ತಿ ನಿಮ್ಮ ಕೈಯಲ್ಲಿದೆ.

ಅದೃಷ್ಟವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 1979ರಲ್ಲಿ ಮಾಂಟೆ ಕಾರ್ಲೋದಲ್ಲಿ ಹಾನ್ಸ್ ಬರ್ಲಿನರ್ ಅವರ ಕಂಪ್ಯೂಟರ್ ಪ್ರೋಗ್ರಾಂ ಆಗಿನ ವಿಶ್ವ ಚಾಂಪಿಯನ್ ಲುಯಿಜಿ ವಿಲ್ಲಾ ಅವರನ್ನು 7-1ರಿಂದ ಸೋಲಿಸಿತು. ಆಮೇಲೆ ಆಟವನ್ನು ಬಿಡಿಸಿ ನೋಡಿದ ಬರ್ಲಿನರ್ ಅವರೇ, ದಾಳ ತಮ್ಮ ಪ್ರೋಗ್ರಾಂ ಕಡೆ ಒಲಿದಿತ್ತು, ಒಳ್ಳೆ ಆಟ ಆಡಿದ್ದು ವಿಲ್ಲಾ ಅಂತ ಒಪ್ಪಿಕೊಂಡರು. ಒಂದು ಪಂದ್ಯದಲ್ಲಿ ಹೀಗೆ ಆಗುತ್ತದೆ. ಪಂದ್ಯಗಳು ಜಾಸ್ತಿ ಆದಷ್ಟೂ ಚೆನ್ನಾಗಿ ಆಡುವವರೇ ಮೇಲೆ ಬರುತ್ತಾರೆ. ಹೊಸಬರು ಒಮ್ಮೊಮ್ಮೆ ಪಳಗಿದವರನ್ನು ಸೋಲಿಸಲು ಸಾಧ್ಯ ಅನ್ನೋದು ಕಲಿಯುವವರಿಗೆ ದೊಡ್ಡ ಉತ್ಸಾಹ. ಚೆಸ್‌ನಲ್ಲಿ ಆ ಸುಖ ಇಷ್ಟು ಸುಲಭವಾಗಿ ಸಿಗುವುದಿಲ್ಲ.

ಮೊದಲ ಗರಗಳನ್ನು ಹೇಗೆ ಆಡಬೇಕು ಅಂತ ಪಟ್ಟಿ ಬಾಯಿಪಾಠ ಮಾಡಿಸುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಒಂದನ್ನು ಅರ್ಥ ಮಾಡಿಕೊಂಡರೆ ಸಾಕು, ಶುರುವಿಗೆ. 3 ಮತ್ತು 1 ಬಿದ್ದರೆ ಎಂಟನೇ ಮನೆಯಿಂದ ಒಂದು ಕಾಯಿ ಮೂರು ಹೆಜ್ಜೆ, ಆರನೇ ಮನೆಯಿಂದ ಒಂದು ಕಾಯಿ ಒಂದು ಹೆಜ್ಜೆ. ಎರಡೂ ಐದನೇ ಮನೆಯಲ್ಲಿ ಜೋಡಿಯಾಗುತ್ತವೆ. ನೋಡಲು ಸಣ್ಣ ಗರ, ಒಟ್ಟು ನಾಲ್ಕೇ ಹೆಜ್ಜೆ. ಆದರೆ ಶುರುವಿನ ಗರಗಳಲ್ಲೆಲ್ಲ ಇದು ಅತ್ಯುತ್ತಮವಾದವುಗಳಲ್ಲಿ ಒಂದು. ಆರನೇ ಮನೆ ಮೊದಲೇ ನಿಮ್ಮದು, ಈಗ ಐದೂ ನಿಮ್ಮದು, ಎಂಟೂ ಕೈಬಿಟ್ಟಿಲ್ಲ. ನಿಮ್ಮ ಹಿತ್ತಲಲ್ಲಿ ಕೂತಿರುವ ಎದುರಾಳಿಯ ಎರಡು ಕಾಯಿಗೆ ಹೊರಗೆ ಬರುವ ದಾರಿ ಆಗಲೇ ಇಕ್ಕಟ್ಟಾಯಿತು. ಹೀಗೇ ಸಾಲಾಗಿ ಆರು ಮನೆ ಮುಚ್ಚಿದರೆ ಅದನ್ನು ದಾಟುವ ಗರವೇ ಇಲ್ಲ, ಯಾಕೆಂದರೆ ಒಂದು ದಾಳದಲ್ಲಿ ಏಳು ಬೀಳುವುದಿಲ್ಲ.

ಮೊಬೈಲ್ ಆಪ್‌ಗಳ ಬಗ್ಗೆ ಒಂದು ಮಾತು. ಆಡಬಹುದಾದ ಮನೆಗಳನ್ನು ಅವು ತಾವೇ ಬೆಳಗಿಸಿ ತೋರಿಸುತ್ತವೆ, ಆಡಲಾಗದಿದ್ದರೆ ತಾವೇ ಸರದಿ ದಾಟಿಸುತ್ತವೆ. ಅಭ್ಯಾಸಕ್ಕೆ ಒಳ್ಳೆಯದು. ಕಲಿಕೆಯ ಮೊದಲ ದಿನಗಳಿಗೆ ಬೇಡ ಅನ್ನುತ್ತೇನೆ. ಯಾಕೆ ಈ ಕಾಯಿ ಅಲ್ಲಾಡುತ್ತಿಲ್ಲ ಅಂತ ನೀವೇ ಬೆರಳಿಟ್ಟು ಎಣಿಸಿದಾಗ ಕಡ್ಡಾಯ ತಲೆಯಲ್ಲಿ ಕೂರುತ್ತದೆ. ಬೋರ್ಡ್ ಇಲ್ಲದಿದ್ದರೆ ಕಾಗದದ ಮೇಲೆ ಗೆರೆ ಎಳೆದು, ಎರಡು ಬಣ್ಣದ ಗುಂಡಿಗಳನ್ನಿಟ್ಟು ಆಡಿ.

ಗೆಲುವಿನಲ್ಲಿ ಮೂರು ಬಗೆ ಇದೆ. ಸೋತವರು ಒಂದಾದರೂ ಕಾಯಿ ಹಣ್ಣು ಮಾಡಿದ್ದರೆ ಒಂದು ಪಾಯಿಂಟ್. ಒಂದನ್ನೂ ಮಾಡಿರದಿದ್ದರೆ ಎರಡು, ಅದು ಗ್ಯಾಮನ್. ಒಂದನ್ನೂ ಮಾಡದೆ, ಜೊತೆಗೆ ಅವರ ಕಾಯಿ ಬಾರ್ ಮೇಲೋ ಗೆದ್ದವರ ಹೋಮ್ ಬೋರ್ಡಿನಲ್ಲೋ ಉಳಿದಿದ್ದರೆ ಮೂರು, ಅದು ಬ್ಯಾಕ್‌ಗ್ಯಾಮನ್. ಡಬ್ಬದಲ್ಲಿ 2, 4, 8, 16, 32, 64 ಅಂತ ಬರೆದ ಇನ್ನೊಂದು ದಾಳ ಸಿಗುತ್ತದೆ. ಅದು ಡಬಲಿಂಗ್ ಕ್ಯೂಬ್, 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಸೇರಿಕೊಂಡ ನಿಯಮ. ಆಟದ ಬೆಲೆಯನ್ನು ಎರಡರಷ್ಟು ಮಾಡೋಣ ಅಂತ ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಒಪ್ಪಬೇಕು ಇಲ್ಲವೇ ಅಲ್ಲೇ ಸೋಲಬೇಕು. ನಾಲ್ಕರಲ್ಲಿ ಒಂದು ಸಲವಾದರೂ ಗೆಲ್ಲುವಂತಿದ್ದರೆ ಒಪ್ಪಬಹುದು ಅನ್ನೋದು ಸ್ಥೂಲ ಲೆಕ್ಕ. ಆದರೆ ಗೆಲ್ಲುವ ಸಾಧ್ಯತೆ ಎಷ್ಟು ಅಂತ ಅಂದಾಜು ಮಾಡಲು ಆಟ ಆಡಿ ಗೊತ್ತಿರಬೇಕಲ್ಲ! ಕಲಿಸುವವರು ದಯವಿಟ್ಟು ಅದನ್ನು ಮೊದಲ ಕೆಲವು ವಾರ ಡಬ್ಬದಿಂದ ತೆಗೆಯಬೇಡಿ. ಬಾರ್, ಎರಡೂ ಅಂಕೆ, ದೊಡ್ಡ ಅಂಕೆ, ಇವು ಮೂರು ಬಾಯಿಗೆ ಬಂದ ಮೇಲೆ ಕ್ಯೂಬ್ ಕೈಗೆ ಕೊಡಿ.