ನಾಜ್ಕಾ ಗೆರೆಗಳಿಗೆ ಏಲಿಯನ್ ಬೇಕಾಗಿಲ್ಲ

ಲೇಖನ ಚೆನ್ನಾಗಿದೆ ಸರ್, ಆದ್ರೆ ಪೆರುವಿನ ಮರುಭೂಮಿ ನೆಲದ ಮೇಲಿರೋ ದೊಡ್ಡ ದೊಡ್ಡ ನಾಜ್ಕಾ ಗೆರೆ, ಚಿತ್ರಗಳು ಆಕಾಶದಿಂದ ಮಾತ್ರ ಕಾಣ್ತವೆ, ಹಾಗಾಗಿ ಬೇರೆ ಗ್ರಹದವರ ಕೈವಾಡ ಇರಬಹುದು ಅಂತ ಬರೆದಿದ್ದೀರಲ್ಲ, ಅದನ್ನ ಒಪ್ಪೋಕಾಗಲ್ಲ. ಆ ಮರುಭೂಮಿ ಪಕ್ಕದ ಗುಡ್ಡ ಹತ್ತಿದ್ರೂ ಎಷ್ಟೋ ಗೆರೆ ಕಾಣ್ತವೆ, ಇವನ್ನ ಬಿಡಿಸಿದ ನಾಜ್ಕಾ ಜನರಿಗಿಂತ ಹಿಂದೆ ಅಲ್ಲಿದ್ದ ಪರಾಕಾಸ್ ಜನ ಅಂತೂ ಕೆಳಗೆ ನಿಂತವರಿಗೆ ಕಾಣ್ಲಿ ಅಂತ ಇಳಿಜಾರಲ್ಲೇ ಬಿಡಿಸಿದ್ರು. ಮೇಲಿನ ಕಂದು ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದ್ರೆ ಕೆಳಗಿನ ತಿಳಿ ಬಣ್ಣದ ಮಣ್ಣು ಕಾಣುತ್ತೆ, ಗೂಟ ಹಗ್ಗ ಇದ್ರೆ ಸಾಕು, ಮಳೆ ಬೀಳೋದೇ ಅಪರೂಪವಾದ ಜಾಗ ಆದ್ದರಿಂದ ಸುಮಾರು 2000 ವರ್ಷ ಉಳ್ಕೊಂಡಿವೆ ಅಷ್ಟೇ.

ಯಾಕೆ ಮಾಡಿದ್ರು ಅನ್ನೋದೇ ನಿಜವಾದ ಪ್ರಶ್ನೆ. ಜರ್ಮನ್ ಸಂಶೋಧಕಿ ಮರಿಯಾ ರೈಖೆ ಜೀವನಾನೇ ಅಲ್ಲಿ ಕಳೆದ್ರು, ಪೊರಕೆ ಹಿಡ್ದು ಗೆರೆ ಗುಡಿಸಿದ್ರು, ಅವರ ಮೇಲೆ ತುಂಬಾ ಗೌರವ ಇದೆ, ಆದ್ರೆ ಗೆರೆಗಳು ಸೂರ್ಯ, ನಕ್ಷತ್ರಗಳ ದಿಕ್ಕು ತೋರಿಸೋ ಕ್ಯಾಲೆಂಡರ್ ಅನ್ನೋ ಅವರ ವಾದನ 1968ರಲ್ಲಿ ಖಗೋಳ ವಿಜ್ಞಾನಿ ಜೆರಾಲ್ಡ್ ಹಾಕಿನ್ಸ್ ಕಂಪ್ಯೂಟರಲ್ಲಿ ಟೆಸ್ಟ್ ಮಾಡಿದಾಗ ಅದು ನಿಲ್ಲಲಿಲ್ಲ. ನಂಗೆ ಸರಿ ಅನ್ಸೋದು ನೀರಿಗಾಗಿ ದೇವರನ್ನ ಬೇಡೋಕೆ ಮಾಡಿದ್ರು ಅನ್ನೋ ವಾದ. ಹನಿ ನೀರಿಗೆ ಒದ್ದಾಡೋ ಊರದು, ನೆಲದಡಿ ಕಾಲುವೆ ತೋಡ್ಕೊಂಡಿದ್ದ ಜನ, ಗೆರೆಗಳ ಮೇಲೆ ಒಡೆದ ಮಡಕೆ ಚೂರು ಸಿಕ್ಕಿವೆ, ಹಮ್ಮಿಂಗ್‌ಬರ್ಡ್ ಥರದ ಚಿತ್ರಗಳು ಒಂದೇ ಗೆರೆಲಿ ಒಳಗೆ ಹೋಗಿ ಆಚೆ ಬರೋ ಹಾಗಿವೆ, ಅಂದ್ರೆ ದೇವರಿಗೆ ಹರಕೆ ಹೊತ್ತು ನಡೆಯೋ ದಾರಿ ಅವು ಅನ್ಸುತ್ತೆ.

2024ರಲ್ಲಿ ಜಪಾನಿನ ಯಮಗಾಟಾ ವಿವಿಯವರು ಎಐ ಬಳಸಿ ಹೊಸದಾಗಿ 303 ಚಿತ್ರ ಹುಡುಕಿದ್ದಾರೆ, ಅದನ್ನೂ ಲೇಖನಕ್ಕೆ ಸೇರಿಸಿ ಪ್ಲೀಸ್. ಅಷ್ಟು ಶ್ರಮಪಟ್ಟ ನಾಜ್ಕಾ ಜನರ ಕೆಲಸದ ಕೀರ್ತಿನ ಬೇರೆ ಯಾರಿಗೋ ಕೊಡೋದು ನೋಡಿದ್ರೆ ಬೇಜಾರಾಗುತ್ತೆ.