ಚಿಗರಿಗೆ ಎಲ್ಲಾ ನೆನಪೈತಿ

ಇವತ್ತು ಮುಂಜಾನೆ ಐದೂವರೆಗೆ ಆದದ್ದು. ಆಗಲೇ ಬರೆಯಬೇಕು ಅಂತ ಮೊಬೈಲ್ ಹಿಡಿದೆ, ಕೈ ನಡುಗುತ್ತಿತ್ತು. ಈಗ ಊಟ ಮುಗಿಸಿ ಕೂತು ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಮುಧೋಳ ನಾಯಿ ಚಿಗರಿ ನಿಮಗೆಲ್ಲ ಗೊತ್ತು. ಮುಧೋಳದ ಹತ್ತಿರದ ಹಳ್ಳಿಯಿಂದ 40 ದಿನದ ಮರಿ ಇದ್ದಾಗ ಸೆರಗಿನಲ್ಲಿ ಸುತ್ತಿಕೊಂಡು ತಂದವಳು ನಾನೇ. ಹೋದ ವರ್ಷ ಯುಗಾದಿ ಮುಂದೆ ಆಕೆಗೆ ಆದದ್ದೂ ಗೊತ್ತು, ಆ ಫೋಟೋ ನೋಡಿ ಎಷ್ಟೋ ಮಂದಿ ಫೋನ್ ಮಾಡಿದ್ದಿರಿ. ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆ ಹಿಂದಿನ ರಸ್ತೆಯವರು ಸಾಕಿದ ಲ್ಯಾಬ್ ನಾಯಿ (ಲ್ಯಾಬ್ರಡಾರ್), ಕಂದು ಬಣ್ಣದ ಗಂಡು, ಬೆಲ್ಟ್ ಇಲ್ಲದೆ ಓಡಿ ಬಂದು ಹೆಗಲಿಗೆ ಬಾಯಿ ಹಾಕಿ ಜಗ್ಗಿತ್ತು. ಮುಧೋಳ ನಾಯಿಯ ಚರ್ಮ ಬಹಳ ತೆಳು, ಕೆಳಗೆ ಕೊಬ್ಬೂ ಇರುವುದಿಲ್ಲ. ಹರಿದರೆ ಬಟ್ಟೆ ಹರಿದ ಹಾಗೆ ಹರಿಯುತ್ತದೆ. 11 ಹೊಲಿಗೆ ಬಿದ್ದವು. ಆ ಮನೆಯವರು ಅವತ್ತು ಹೇಳಿದ್ದು ಒಂದೇ ಮಾತು: "ನಮ್ದು ಲ್ಯಾಬ್ ಐತ್ರಿ ಅಕ್ಕಾರ, ಅದು ಏನೂ ಮಾಡಂಗಿಲ್ಲ, ಇವತ್ತೇನಾತೋ ಏನೋ."

ಇವತ್ತು ಮತ್ತೆ ಅದೇ ನಾಯಿ, ಅದೇ ಬೆಲ್ಟ್ ಇಲ್ಲದ ಕೊರಳು. ನಾವು ಆ ಕಡೆ ಹೋಗುವುದನ್ನು ಬಿಟ್ಟೇ ಬಿಟ್ಟಿದ್ದೇವೆ. ಅವರೇ ಇವತ್ತು ನಮ್ಮ ಕಡೆ ಬಂದಿದ್ದರು. ಆದರೆ ನಾನು ಹೇಳಬೇಕಾದದ್ದು ಅದಕ್ಕೂ ಮುಂಚೆ ಆದದ್ದನ್ನು. ಪಾರ್ಕಿನ ಮೂಲೆಯ ಲೈಟಿನ ಕಂಬದ ಹತ್ತಿರ ಚಿಗರಿ ದಿನಾ ನಿಲ್ಲುತ್ತಾಳೆ, ಮೂಸುತ್ತಾಳೆ, ಮುಂದೆ ಹೋಗುತ್ತಾಳೆ. ಇವತ್ತು ಮೂಗು ಇಟ್ಟವಳು ತೆಗೆಯಲೇ ಇಲ್ಲ. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ, ಒಂದು ನಾಯಿ ಇಲ್ಲ. ಹೆಗಲಿನಿಂದ ಬಾಲದ ಬುಡದ ತನಕ ಬೆನ್ನಿನ ಕೂದಲು ಗೆರೆ ಎಳೆದ ಹಾಗೆ ಎದ್ದು ನಿಂತವು. ಬಾಲ ಹೊಟ್ಟೆಯ ಕೆಳಗೆ ಹೋಯಿತು. ಹಿಂದಿನ ಎಡಗಾಲು ಥರಥರ ನಡುಗಲು ಹತ್ತಿತು. ಏನಾಯಿತವ್ವ ಅಂತ ನಾನು ಬಗ್ಗಿ ಮುಟ್ಟುವುದಕ್ಕೂ ಆ ಕಡೆ ತಿರುವಿನಲ್ಲಿ ಆ ನಾಯಿ ಕಾಣುವುದಕ್ಕೂ ಸರಿಹೋಯಿತು.

ನೋಡುವ ಮೊದಲೇ ಆಕೆಗೆ ಗೊತ್ತಾಗಿತ್ತು. ಕಂಬದ ಮೇಲೆ ಅದು ಉಚ್ಚೆ ಹೊಯ್ದು ಹೋಗಿತ್ತು, ಅಷ್ಟೇ ಸಾಕಾಯಿತು. ಒಂದು ವರ್ಷದ ಮೇಲಾಗಿದೆ ಸ್ವಾಮಿ!

"ಅಣ್ಣಾರ, ಮೊದ್ಲು ಬೆಲ್ಟ್ ಹಾಕ್ರಿ" ಅಂತ ಒದರಿದೆ. ಅವರು ಬಂದು ನಾಯಿಯ ಕೊರಳು ಹಿಡಿದರು, ಹಿಡಿಯಲಿಲ್ಲ ಅನ್ನುವುದಿಲ್ಲ. ಆದರೆ ಹೇಳಿದ್ದೇನು? "ಎಷ್ಟ್ ಅಂಜ್ತೀರಿ ಅಕ್ಕಾರ. ಆಗಿ ವರ್ಷಾತು. ಅದು ನಾಯಿ ಐತಿ, ಅದಕ್ಕೇನ್ ನೆನಪಿರ್ತೈತಿ? ನೀವs ನೆನಪು ಮಾಡಿ ಕೊಡಾಕತ್ತೀರಿ."

ಈ ಮಾತು ನನಗೆ ಸುಟ್ಟ ಹಾಗಾಯಿತು. ಅವರೊಬ್ಬರೇ ಆದರೆ ಬಿಡುತ್ತಿದ್ದೆ. ಎಲ್ಲರೂ ಇದನ್ನೇ ಹೇಳುತ್ತಾರೆ. ನಮ್ಮ ಅಕ್ಕನ ಮಗ ಅಂತೂ ಮೊಬೈಲ್ ತೆಗೆದು ತೋರಿಸಿದ, ನಾಯಿಯ ನೆನಪಿನ ಆಯುಷ್ಯ ಎರಡೇ ನಿಮಿಷ ಅಂತ. ಆ ಎರಡು ನಿಮಿಷ ಯಾವುದರ ಲೆಕ್ಕ ಅಂತ ಓದಿ ನೋಡು ಅಂದೆ. ಒಂದು ಗುರುತು ತೋರಿಸಿ, ಮುಚ್ಚಿಟ್ಟು, ಸ್ವಲ್ಪ ಹೊತ್ತಾದ ಮೇಲೆ ಯಾವುದು ನೋಡಿದ್ದೆ ಹೇಳು ಅನ್ನುವ ಪರೀಕ್ಷೆಯ ಲೆಕ್ಕ ಅದು. ನಾಯಿಗೆ ಅದರಿಂದ ಆಗಬೇಕಾದದ್ದೇನು? ಯಾರೂ ಅದರ ಹೆಗಲು ಹರಿದಿಲ್ಲವಲ್ಲ.

1994ರಲ್ಲಿ ಬೆಲ್‌ಫಾಸ್ಟ್‌ನ ಸಂಶೋಧಕ ಪೀಟರ್ ಹೆಪ್ಪರ್ ಒಂದು ಕೆಲಸ ಮಾಡಿದರು. ಮರಿಗಳನ್ನು ಬೇರೆ ಬೇರೆ ಮನೆಗೆ ಕೊಟ್ಟು ಎರಡು ವರ್ಷ ಆದ ಮೇಲೆ, ಆ ಮರಿ ಮಲಗಿದ ಬಟ್ಟೆಯನ್ನು ತಾಯಿಯ ಮುಂದಿಟ್ಟರು, ತಾಯಿ ಮಲಗಿದ ಬಟ್ಟೆಯನ್ನು ಮರಿಯ ಮುಂದಿಟ್ಟರು. ಬರೀ ಬಟ್ಟೆ. ಎರಡೂ ಗುರುತು ಹಿಡಿದವು. ಎರಡು ವರ್ಷ ತಾಯಿಯ ವಾಸನೆ ಇಟ್ಟುಕೊಳ್ಳುವ ಮೂಗು ಕಚ್ಚಿದವನ ವಾಸನೆ ಬಿಟ್ಟುಬಿಡುತ್ತದೆಯೇ? 2016ರಲ್ಲಿ ಬುಡಾಪೆಸ್ಟ್‌ನಲ್ಲಿ 17 ನಾಯಿಗಳ ಮೇಲೆ ಮಾಡಿದ ಪ್ರಯೋಗವೂ ಇದೆ. ಮುಂದೆ ಕೇಳುತ್ತಾರೆ ಅಂತ ಗೊತ್ತಿಲ್ಲದೆ ಸುಮ್ಮನೆ ನೋಡಿದ ಯಜಮಾನರ ಕೆಲಸವನ್ನೂ ಅವು ಒಂದು ತಾಸಿನ ಮೇಲೆ ಮಾಡಿ ತೋರಿಸಿದವು. ನೋವಿಲ್ಲ, ಹೆದರಿಕೆಯಿಲ್ಲ, ಆದರೂ ಒಂದು ತಾಸು. ಹೆದರಿಕೆ ಕೂಡಿಸಿದರೆ ನೆನಪು ಕೂರುವ ರೀತಿಯೇ ಬೇರೆ. ಒಂದೇ ಸಲ ಆದರೂ ಸಾಕು, ಅದು ಗಟ್ಟಿಯಾಗಿ ಕೂತುಬಿಡುತ್ತದೆ. ಮನುಷ್ಯರಿಗೂ ಹಾಗೆಯೇ, ನಾಯಿಗೂ ಹಾಗೆಯೇ.

ನಮ್ಮ ಜಿಲ್ಲೆಯ ಮಂದಿಯೇ ಹೀಗೆ ಮಾತಾಡಿದರೆ ನನಗೆ ಇನ್ನೂ ಕೆಡುಕೆನಿಸುತ್ತದೆ. 2005ರಲ್ಲಿ ಮುಧೋಳ ನಾಯಿಯ ಅಂಚೆಚೀಟಿ ಬಂತು ಅಂತ ಹೆಮ್ಮೆ. 2016ರಲ್ಲಿ ತಿಮ್ಮಾಪುರದ ನಾಯಿ ಸಂಶೋಧನಾ ಕೇಂದ್ರದಿಂದ ಸೈನ್ಯದವರು ಮರಿಗಳನ್ನು ಮೀರತ್‌ಗೆ ತರಬೇತಿಗೆ ಒಯ್ದರು ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆವು, ನಾನೂ ತಿರುಗಿದೆ. ಸೈನ್ಯದ ನಾಯಿಗೆ ಕಲಿಸುವುದೇ ವಾಸನೆ ನೆನಪಿಡುವುದನ್ನು. ಆ ನೆನಪನ್ನು ನಂಬಿ ಸೈನಿಕ ಅದರ ಹಿಂದೆ ಕಾಲಿಡುತ್ತಾನೆ. ದೇಶ ಕಾಯುವಾಗ ಅದಕ್ಕೆ ನೆನಪಿದೆ, ನಮ್ಮ ಓಣಿಗೆ ಬಂದ ಕೂಡಲೇ ಇಲ್ಲ ಅನ್ನುವುದು ಯಾವ ನ್ಯಾಯ?

ಇನ್ನೊಂದು ಮಾತು ಬರುತ್ತದೆ, ಬಂದೇ ಬರುತ್ತದೆ. "ಓಣ್ಯಾನ ನಾಯಿ ರಾತ್ರಿಪೂರ್ತಿ ಕಚ್ಚಾಡಿ ಮುಂಜಾನಿಗೆ ಒಂದs ಬೂದಿಗುಂಡ್ಯಾಗ ಮಲಗ್ತಾವಲ್ಲ?" ಮಲಗುತ್ತವೆ, ಹೌದು. ಅವು ಒಂದೇ ಗುಂಪಿನವು. ಸದ್ದು ದೊಡ್ಡದು, ಗಾಯ ಇಲ್ಲ. ಒಂದು ಮುಖ ತಿರುಗಿಸಿ ಬಾಲ ಇಳಿಸಿತು ಅಂದರೆ ಇನ್ನೊಂದು ಅಲ್ಲಿಗೇ ಬಿಡುತ್ತದೆ. ಮರೆತಿದ್ದಕ್ಕೆ ಜೊತೆಗೆ ಮಲಗುವುದಲ್ಲ, ಜಗಳ ಅಲ್ಲೇ ತೀರಿರುತ್ತದೆ. ಅದೇ ನಾಯಿಗಳು ಪಕ್ಕದ ಓಣಿಯ ಕಿವಿಹರಕ ನಾಯಿ ಹೆಜ್ಜೆ ಇಟ್ಟರೆ ಏನು ಮಾಡುತ್ತವೆ ನೋಡಿ. ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ, ಒಂದು ದಿನವೂ ಅದನ್ನು ಒಳಗೆ ಬಿಟ್ಟಿಲ್ಲ.

ಆ ನಾಯಿ ಅಂತಲ್ಲ, ಲ್ಯಾಬ್ ಕಂಡರೇ ಅಂಜುತ್ತಾಳೇನೋ ಅಂತ ಡಾಕ್ಟರು ಕೇಳಿದ್ದರು. ಸರಿಯಾದ ಪ್ರಶ್ನೆ, ಎಷ್ಟೋ ನಾಯಿಗಳಿಗೆ ಹಾಗೂ ಆಗುತ್ತದೆ. ಆದರೆ ನಮ್ಮ ಸಾಲಿನಲ್ಲೇ ಇನ್ನೊಂದು ಕಂದು ಲ್ಯಾಬ್ ಇದೆ, ಅದೂ ಗಂಡೇ. ಅದರ ಜೊತೆ ಚಿಗರಿ ಮೂತಿಗೆ ಮೂತಿ ಹಚ್ಚುತ್ತಾಳೆ, ಗೇಟಿನ ಸಂದಿಯಲ್ಲಿ ಆಡುತ್ತಾಳೆ. ಬಣ್ಣ ಒಂದೇ, ಜಾತಿ ಒಂದೇ. ಕಚ್ಚಿದ್ದು ಯಾವುದು ಅಂತ ಆಕೆಗೆ ಪಕ್ಕಾ ಗೊತ್ತಿದೆ.

ಇದನ್ನು ಹೇಳಲೋ ಬೇಡವೋ ಅಂತ ಇಷ್ಟು ಹೊತ್ತು ತಡೆದೆ. ಹೇಳಿಬಿಡುತ್ತೇನೆ. ಹೊಲಿಗೆ ಬಿಚ್ಚಿ ಮೂರು ತಿಂಗಳಿಗೆ ಕಚ್ಚಿದ ನಾಯಿಯ ಮನೆಯವರ ಮಾತು ಕೇಳಿ ನಾನೇ ಚಿಗರಿಯನ್ನು ಆ ನಾಯಿಯ ಮುಂದೆ ಒಯ್ದಿದ್ದೆ. "ದೋಸ್ತಿ ಮಾಡ್ಸೋಣ, ಅಂಜಿಕಿ ಹೋಗ್ತೈತಿ" ಅಂದಿದ್ದರು. ನಾನು ಆಕೆಯ ಕೊರಳು ಹಿಡಿದು ಮುಂದೆ ನೂಕಿದೆ. ಚಿಗರಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ತಿರುಗಿ ನನ್ನ ಮುಖ ನೋಡಿದಳು. ಆಮೇಲೆ ಎರಡು ದಿನ ನನ್ನ ಕೈಯಿಂದ ರೊಟ್ಟಿ ತಿನ್ನಲಿಲ್ಲ, ನಮ್ಮ ಅವ್ವನ ಕೈಯಿಂದ ತಿಂದಳು. ಆ ನೋಟ ನನಗೆ ಇವತ್ತಿಗೂ ನಿದ್ದೆಯಲ್ಲಿ ಬರುತ್ತದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಕಚ್ಚಿಸಿಕೊಂಡ ನಾಯಿಯನ್ನು ಎದುರು ಎದುರು ನಿಲ್ಲಿಸಬೇಡಿ. ದೂರದಿಂದ ಕಂಡರೆ ರಸ್ತೆ ದಾಟಿ, ಬೆಲ್ಟನ್ನು ಬಿಗಿಯಾಗಿ ಜಗ್ಗದೆ ಸಡಿಲ ಹಿಡಿದು ಸುಮ್ಮನೆ ನಡೆಯುತ್ತಿರಿ. ದೂರ ಇದ್ದರೆ ನಾಯಿ ತಡೆದುಕೊಳ್ಳುತ್ತದೆ.

ನೆನಪಿನ ಬಗ್ಗೆ ನವನಗರದ ಮಂದಿಗೆ ಯಾರೂ ಹೇಳಬೇಕಾಗಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಬಿಟ್ಟು ಬಂದವರು ನಾವು. ಪರಿಹಾರದ ದುಡ್ಡಿನ ಪಾಲಿಗೆ ನಮ್ಮ ಅಪ್ಪ, ದೊಡ್ಡಪ್ಪ ಮಾತು ಬಿಟ್ಟವರು ಕಡೆಯ ತನಕ ಆಡಲಿಲ್ಲ. ಅಪ್ಪ ತೀರಿಕೊಂಡ ದಿನ ದೊಡ್ಡಪ್ಪ ಹೊಸ್ತಿಲ ಆಚೆಗೇ ನಿಂತಿದ್ದರು. ಆಗ ಯಾರೂ ಅವರಿಗೆ, ಎಷ್ಟೋ ವರ್ಷ ಆತಲ್ಲ, ಇನ್ನೂ ನೆನಪೈತೇನು ಅಂತ ಕೇಳಲಿಲ್ಲ.

ಇವತ್ತು ಸಂಜೆ ಆ ಅಣ್ಣಾರು ಮನೆಗೆ ಬಂದಿದ್ದರು, ಒಬ್ಬರೇ. ಮುಂಜಾನೆ ಮಾತು ಜಾಸ್ತಿ ಆಯಿತು ಅನ್ನಲಿಕ್ಕೆ ಬಂದಿದ್ದರು, ಒಳ್ಳೆಯ ಮನುಷ್ಯರೇ. ಖುರ್ಚಿ ಹಾಕಿದೆ, ಚಹಾ ಇಟ್ಟೆ. ಯಾರು ಬಂದರೂ ಓಡಿ ಬಂದು ಮೊಣಕಾಲಿಗೆ ಮೂತಿ ಹಚ್ಚುವ ಹುಡುಗಿ ಈಕೆ, ಬಾಲ ಆಡಿಸುತ್ತಲೇ ಬಂದಳು. ಪ್ಯಾಂಟಿನ ಕಾಲಿಗೆ ಮೂಗು ಇಟ್ಟಳು. ಬಾಲ ನಿಂತಿತು. ಬೆನ್ನಿನ ಕೂದಲು ಎದ್ದವು. ಒಂದೊಂದೇ ಹೆಜ್ಜೆ ಹಿಂದೆ ಸರಿದು, ತಿಜೋರಿಯ ಸಂದಿಯಲ್ಲಿ ಗೋಡೆಗೆ ಹತ್ತಿ ಕೂತಳು. ನಾನು ಏನೂ ಅನ್ನಲಿಲ್ಲ. ಅವರು ತಮ್ಮ ಪ್ಯಾಂಟನ್ನೇ ನೋಡುತ್ತಾ ಕೂತರು. ಅದಕ್ಕೆ ಕಂದು ಕೂದಲು ಅಂಟಿದ್ದವು. ಚಹಾ ಆರಿ ಕೆನೆಗಟ್ಟಿತು.

ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದರು: "ಮುಂಜಾನಿ ನೀವು ಎಷ್ಟಕ್ಕ ಹೊಂಡ್ತೀರಿ ಅಕ್ಕಾರ? ನಾವು ಆರಾದ ಮ್ಯಾಲ ಬರ್ತೀವಿ."